ಕ್ರೂಸ್ ಹಡಗಿನಲ್ಲಿ ದಿನ ಕಳೆಯೋದು ಹೇಗೆ? ನೆಂಟರು, ಸ್ನೇಹಿತರು ಪದೇ ಪದೇ ಕೇಳಿದ ಪ್ರಶ್ನೆಗಳು

ನಾನು ಮೊದಲ ಸಲ ಕ್ರೂಸ್ ಹತ್ತಿದ್ದು ಮುಂಬೈನಲ್ಲಿ, ಅಪ್ಪ ಅಮ್ಮನ ಜೊತೆ. ಎರಡನೇ ಸಲ ಸಿಂಗಪುರದಲ್ಲಿ, ಹೆಂಡತಿ ಮತ್ತು ಇಬ್ಬರು ಮಕ್ಕಳ ಜೊತೆ. ಅವತ್ತಿನಿಂದ ಮದುವೆ ಮನೆಯಲ್ಲಿ, ಆಫೀಸಿನಲ್ಲಿ, ಫೋನಿನಲ್ಲಿ ಜನ ಕೇಳುತ್ತಲೇ ಇದ್ದಾರೆ. ಊಟ ಸಿಗುತ್ತಾ? ವಾಂತಿ ಆಗುತ್ತಾ? ಇಡೀ ದಿನ ನೀರು ನೋಡ್ಕೊಂಡು ಏನು ಮಾಡೋದು? ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕ್ರೂಸ್ ಅಂದ್ರೆ ಬರೀ ಹಡಗಿನ ಪ್ರಯಾಣ ತಾನೇ?

ಅಲ್ಲ. ಒಂದು ಊರಿಂದ ಇನ್ನೊಂದು ಊರು ಮುಟ್ಟುವುದು ಇಲ್ಲಿ ಮುಖ್ಯವಲ್ಲ. ಎಷ್ಟೋ ಕ್ರೂಸ್‌ಗಳು ಹೊರಟ ಬಂದರಿಗೇ ವಾಪಸ್ ಬರುತ್ತವೆ. ಹಡಗೇ ನಿಮ್ಮ ಊರು, ಹಡಗೇ ನಿಮ್ಮ ಮನೆ. ಒಂದು ಸಲ ಸೂಟ್‌ಕೇಸ್ ಬಿಚ್ಚಿ ಬಟ್ಟೆ ಜೋಡಿಸಿಟ್ಟರೆ ಮುಗಿಯಿತು. ಬೆಳಿಗ್ಗೆ ಎದ್ದಾಗ ಕಿಟಕಿಯ ಹೊರಗೆ ಬೇರೆ ಊರು ಬಂದಿರುತ್ತದೆ.

ಈ ಯೋಚನೆ ಹಳೆಯದು. ಜರ್ಮನಿಯ ಹ್ಯಾಂಬರ್ಗ್‌ನ ಹಡಗು ಕಂಪನಿಯಲ್ಲಿದ್ದ ಆಲ್ಬರ್ಟ್ ಬಾಲಿನ್ ಅವರಿಗೆ ಒಂದು ಚಿಂತೆ ಇತ್ತು. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ, ದೊಡ್ಡ ದೊಡ್ಡ ಹಡಗುಗಳು ಸುಮ್ನೆ ನಿಲ್ಲಬೇಕಿತ್ತು. 1891ರಲ್ಲಿ ಅವರು 'ಆಗಸ್ಟಾ ವಿಕ್ಟೋರಿಯಾ' ಹಡಗನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಬರೀ ವಿಹಾರಕ್ಕೆಂದು ಹೊರಡಿಸಿದರು. ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ, 1900ರಲ್ಲಿ ವಿಹಾರಕ್ಕೆಂದೇ ಕಟ್ಟಿದ 'ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸೆ' ನೀರಿಗಿಳಿಯಿತು.

ಕರ್ನಾಟಕದಿಂದ ಹೋಗುವವರಿಗೆ ಯಾವುದು ಹತ್ತಿರ?

ಎರಡು ದಾರಿ. ಒಂದು ಮುಂಬೈ. ಕಾರ್ಡೇಲಿಯಾ ಕಂಪನಿಯ 'ಎಂಪ್ರೆಸ್' ಹಡಗು 2021ರ ಸೆಪ್ಟೆಂಬರ್‌ನಿಂದ ಇಲ್ಲಿಂದ ಓಡಾಡುತ್ತಿದೆ. ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆ ಹೋಗಿ ಬರುತ್ತದೆ. ಎರಡು ರಾತ್ರಿಯಿಂದ ಐದು ರಾತ್ರಿಯವರೆಗಿನ ಪ್ರವಾಸಗಳಿವೆ. ಈ ಹಡಗು ಹೊಸದಲ್ಲ. 1990ರಲ್ಲಿ ಫ್ರಾನ್ಸ್‌ನ ಸೇಂಟ್ ನಜೇರ್‌ನಲ್ಲಿ ಕಟ್ಟಿದ್ದು, ಆಗಿನ ಹೆಸರು ನಾರ್ಡಿಕ್ ಎಂಪ್ರೆಸ್. ಉದ್ದ ಸುಮಾರು 210 ಮೀಟರ್.

ಇನ್ನೊಂದು ಸಿಂಗಪುರ. ಬೆಂಗಳೂರಿನಿಂದ ನೇರ ವಿಮಾನ ಇದೆ. ಅಲ್ಲಿಂದ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡ್‌ನ ಫುಕೆಟ್ ಕಡೆಗೆ ಮೂರು, ನಾಲ್ಕು ರಾತ್ರಿಯ ಪ್ರವಾಸಗಳು ಹೊರಡುತ್ತವೆ. ರಾಯಲ್ ಕೆರಿಬಿಯನ್ ಕಂಪನಿಯ ಕ್ವಾಂಟಮ್ ವರ್ಗದ (ಒಂದೇ ಮಾದರಿಯಲ್ಲಿ ಕಟ್ಟಿದ) ಹಡಗುಗಳು ಅಲ್ಲಿಂದ ಓಡಾಡುತ್ತವೆ. ಉದ್ದ ಸುಮಾರು 347 ಮೀಟರ್, ನಾಲ್ಕು ಸಾವಿರಕ್ಕೂ ಜಾಸ್ತಿ ಪ್ರಯಾಣಿಕರು ಹಿಡಿಸುತ್ತಾರೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ನಮ್ಮ ಕಡೆ ಒಂದು ಸಣ್ಣ ಪೇಟೆ ಬೀದಿ ದಾಟಿದ ಹಾಗೆ.

ಇದಕ್ಕಿಂತ ದೊಡ್ಡದು ಅಮೆರಿಕದ ಮಯಾಮಿಯಲ್ಲಿದೆ. 2024ರ ಜನವರಿಯಲ್ಲಿ ಮೊದಲ ಪ್ರಯಾಣ ಹೊರಟ 'ಐಕಾನ್ ಆಫ್ ದ ಸೀಸ್' 2,48,663 ಗ್ರಾಸ್ ಟನ್. ಇದು ತೂಕ ಅಂತ ಎಷ್ಟೋ ಜನ ತಿಳಿದಿದ್ದಾರೆ. ತೂಕವಲ್ಲ, ಹಡಗಿನೊಳಗಿನ ಜಾಗದ ಅಳತೆ. ಅದರಲ್ಲಿ ಏಳು ಈಜುಕೊಳ, ಆರು ಜಾರುಬಂಡೆಗಳ ವಾಟರ್ ಪಾರ್ಕ್ ಇದೆ. ಅಮೆರಿಕದಲ್ಲಿರುವ ಮಗ, ಮಗಳ ಮನೆಗೆ ಹೋಗುವ ನಮ್ಮ ಹಿರಿಯರು ಇಂಥ ಹಡಗು ಹತ್ತಿ ಬರುವುದು ಈಗ ಅಪರೂಪವೇನಲ್ಲ.

ನಮ್ಮ ಮಂಗಳೂರಿನಿಂದ ಇಲ್ವಾ?

ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ, ಆದರೆ ದಿನದ ಮಟ್ಟಿಗೆ. ಮಳೆ ನಿಂತ ಮೇಲೆ ಸೀಸನ್ ಶುರು. ಪ್ರವಾಸಿಗರು ಇಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ಗೋಕರ್ಣನಾಥ ದೇವಸ್ಥಾನ ನೋಡಿ ಸಂಜೆ ಹಡಗು ಹತ್ತುತ್ತಾರೆ. ನಮ್ಮವರು ಅಲ್ಲೇ ಹತ್ತಿ ಅಲ್ಲೇ ಇಳಿಯುವ ಪ್ರವಾಸ ಕಾಯಂ ಆಗಿ ಶುರುವಾಗಲಿ ಅಂತ ನನಗೆ ತುಂಬಾ ಆಸೆ.

ಇಡೀ ದಿನ ಹಡಗಿನಲ್ಲಿ ಏನು ಮಾಡೋದು?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಹತ್ತಿದವರು ವಾಪಸ್ ಬಂದು ಹೇಳುವುದು ಮಾತ್ರ ಉಲ್ಟಾ: ಟೈಮೇ ಸಾಲಲಿಲ್ಲ.

ಕ್ವಾಂಟಮ್ ವರ್ಗದ ಹಡಗಿನಲ್ಲಿ 'ನಾರ್ತ್ ಸ್ಟಾರ್' ಅಂತ ಒಂದು ಗಾಜಿನ ಗೂಡು ಇದೆ. 14 ಜನ ಒಳಗೆ ನಿಲ್ಲಬಹುದು. ಒಂದು ಉದ್ದನೆಯ ತೋಳು ಆ ಗೂಡನ್ನು ನಿಧಾನಕ್ಕೆ ಮೇಲಕ್ಕೆತ್ತುತ್ತದೆ, ಸಮುದ್ರ ಮಟ್ಟದಿಂದ ಸುಮಾರು 300 ಅಡಿ ಎತ್ತರಕ್ಕೆ. ಮೇಲಿನಿಂದ ನೋಡಿದರೆ ಅಷ್ಟು ದೊಡ್ಡ ಹಡಗು ಆಟಿಕೆಯ ಹಾಗೆ ಕಾಣುತ್ತದೆ, ಹಿಂದೆ ಬಿಳಿ ನೊರೆಯ ದಾರಿ ದೂರದವರೆಗೆ ಹಾಸಿಕೊಂಡಿರುತ್ತದೆ. ಗಾಳಿ ಜೋರಾಗಿದ್ದರೆ ನಿಲ್ಲಿಸಿಬಿಡುತ್ತಾರೆ. ಅದಕ್ಕೇ ಮೊದಲ ದಿನವೇ ಹೆಸರು ಬರೆಸಿಬಿಡಿ.

ಕೆಳಗಿನಿಂದ ಜೋರಾಗಿ ಗಾಳಿ ಊದಿ ಮನುಷ್ಯನನ್ನು ಗಾಳಿಯಲ್ಲೇ ತೇಲಿಸುವ ಗಾಜಿನ ಕೊಳವೆ ಇದೆ. ಕೃತಕ ಅಲೆಯ ಮೇಲೆ ಹಲಗೆ ಹಿಡಿದು ನಿಲ್ಲುವ ಆಟ ಇದೆ. ಹತ್ತುವ ಗೋಡೆ ಇದೆ. ಒಂದೇ ಹಾಲ್‌ನಲ್ಲಿ ಒಂದು ಹೊತ್ತು ಬಾಸ್ಕೆಟ್‌ಬಾಲ್, ಇನ್ನೊಂದು ಹೊತ್ತು ಡಿಕ್ಕಿ ಕಾರು. ನನ್ನ ಮಗ ಡಿಕ್ಕಿ ಕಾರಿನ ಸಾಲಿನಲ್ಲಿ ನಾಲ್ಕು ಸಲ ನಿಂತ. ರಾತ್ರಿ ದೊಡ್ಡ ಥಿಯೇಟರ್‌ನಲ್ಲಿ ಹಾಡು, ಕುಣಿತದ ಪ್ರದರ್ಶನ. ಹಡಗಿನ ಹಿಂಭಾಗದಲ್ಲಿ ಇನ್ನೊಂದು ಹಾಲ್, ಅದರ ಗೋಡೆಯೆಲ್ಲ ಗಾಜು. ಹಗಲು ಹೊತ್ತು ಸಮುದ್ರ ನೋಡುತ್ತಾ ಕೂರಬಹುದು, ರಾತ್ರಿ ಅದೇ ಗಾಜಿನ ಮುಂದೆ ಪರದೆ ಇಳಿದು ಪ್ರದರ್ಶನ ಶುರುವಾಗುತ್ತದೆ.

ಮುಂಬೈನ ಹಡಗಿನಲ್ಲಿ ಇಷ್ಟೆಲ್ಲ ಯಂತ್ರಗಳಿಲ್ಲ. ಈಜುಕೊಳ, ಹತ್ತುವ ಗೋಡೆ, ಥಿಯೇಟರ್, ಮಕ್ಕಳ ಕೋಣೆ, ಜಿಮ್ ಇವೆ. ಆದರೆ ಅಲ್ಲಿ ಹಾಡು ನಮ್ಮದು, ಅಂತ್ಯಾಕ್ಷರಿ ನಮ್ಮದು, ತಂಬೋಲಾ ನಮ್ಮದು. ಅಪ್ಪ ಅಮ್ಮನಿಗೆ ಖುಷಿ ಸಿಕ್ಕಿದ್ದು ಅಲ್ಲೇ ಜಾಸ್ತಿ.

ಈಗ ನನ್ನ ಸ್ವಂತ ಅಭಿಪ್ರಾಯ. ಪ್ರತಿ ದಿನ ಸಂಜೆ ಮರುದಿನದ ಕಾರ್ಯಕ್ರಮದ ಪಟ್ಟಿ ಬರುತ್ತದೆ, ಕಾಗದದಲ್ಲೋ ಆ್ಯಪ್‌ನಲ್ಲೋ. ಅದರಲ್ಲಿ ಎರಡು ಮೂರಕ್ಕೆ ಮಾತ್ರ ಗುರುತು ಹಾಕಿ. ಉಳಿದ ಹೊತ್ತು ಖಾಲಿ ಬಿಡಿ. ಅಪ್ಪ ನಲವತ್ತು ವರ್ಷ ಅಂಗಡಿ ನಡೆಸಿದವರು. ಒಂದು ದಿನವೂ ಸುಮ್ಮನೆ ಕೂತಿದ್ದನ್ನು ನಾನು ನೋಡಿರಲಿಲ್ಲ. ಎರಡನೇ ದಿನ ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದರೆ ಹಾಸಿಗೆಯಲ್ಲಿ ಇಲ್ಲ. ಹುಡುಕಿಕೊಂಡು ಹೋದೆ. ಡೆಕ್‌ನ ಕಂಬಿ ಹಿಡಿದು ನಿಂತಿದ್ದರು. ಪೂರ್ವಕ್ಕೆ ಕೆಂಪು ಏರುತ್ತಿತ್ತು, ನೆಲದ ಸುಳಿವೇ ಇರಲಿಲ್ಲ. "ಬಾರೋ, ಇಲ್ಲಿ ನಿಂತ್ಕೋ" ಅಂದರು. ಒಂದು ಗಂಟೆ ಇಬ್ಬರೂ ಮಾತಾಡದೆ ನಿಂತೆವು. ಆ ಪ್ರವಾಸದಲ್ಲಿ ನನಗೆ ಬೇರೇನೂ ಸಿಗದಿದ್ದರೂ ಸಾಕಿತ್ತು.

ರಾತ್ರಿ ಮೇಲಿನ ಡೆಕ್‌ನಲ್ಲಿ ದೀಪ ಕಡಿಮೆ ಇರುವ ಮೂಲೆ ಹುಡುಕಿ. ಬೆಂಗಳೂರಿನಲ್ಲಿ ಎಂದೂ ಕಾಣದಷ್ಟು ನಕ್ಷತ್ರ ಕಾಣುತ್ತವೆ. ಹಗಲು ಅದೃಷ್ಟ ಇದ್ದರೆ ಡಾಲ್ಫಿನ್‌ಗಳೂ ಕಾಣಸಿಗುತ್ತವೆ.

ಊಟದ ಕಥೆ ಏನು? ಸಸ್ಯಾಹಾರಿಗಳಿಗೆ ಕಷ್ಟ ಆಗುತ್ತಾ?

ಆಗಲ್ಲ. ಮುಂಬೈನ ಹಡಗಿನಲ್ಲಿ ಸಸ್ಯಾಹಾರ, ಜೈನ ಆಹಾರ ಎರಡೂ ಇವೆ. ಇಡ್ಲಿ, ದೋಸೆ, ಉಪ್ಪಿಟ್ಟು ಬೆಳಗಿನ ತಿಂಡಿಗೆ ಸಿಗುತ್ತವೆ. ಸಿಂಗಪುರದ ಹಡಗುಗಳಲ್ಲೂ ಭಾರತೀಯರು ಜಾಸ್ತಿ ಇರುವುದರಿಂದ ಬಫೆಯಲ್ಲಿ ದಾಲ್, ಅನ್ನ, ಪಲ್ಯ, ಮೊಸರು ಇದ್ದೇ ಇರುತ್ತದೆ.

ಊಟ ಎರಡು ಕಡೆ. ಮೇಲಿನ ಡೆಕ್‌ನಲ್ಲಿ ಬಫೆ, ಬೇಕಾದ್ದು ಬಡಿಸಿಕೊಂಡು ಕೂರಬಹುದು. ಕೆಳಗೆ ದೊಡ್ಡ ಊಟದ ಹಾಲ್, ಅಲ್ಲಿ ತಂದು ಬಡಿಸುತ್ತಾರೆ. ಇವೆರಡೂ ಟಿಕೆಟ್‌ನಲ್ಲೇ ಸೇರಿವೆ. ಇವು ಬಿಟ್ಟು ವಿಶೇಷ ರೆಸ್ಟೋರೆಂಟ್‌ಗಳಿವೆ, ಅವಕ್ಕೆ ಬೇರೆ ದುಡ್ಡು. ಅಲ್ಲಿಗೆ ಹೋಗಲೇಬೇಕು ಅಂತೇನಿಲ್ಲ.

ಒಂದು ಗುಟ್ಟು ಹೇಳುತ್ತೇನೆ. ಮೊದಲ ರಾತ್ರಿಯೇ ಊಟದ ಹಾಲ್‌ಗೆ ಹೋಗಿ ಮುಖ್ಯ ವೇಟರ್ ಹತ್ತಿರ ಮಾತಾಡಿ. ಮೊಟ್ಟೆ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೇಡ, ಖಾರ ಬೇಕು, ಏನಿದ್ದರೂ ಹೇಳಿ. ಮರುದಿನಕ್ಕೆ ನಿಮಗೆಂದೇ ಬೇರೆ ಮಾಡಿಕೊಡುತ್ತಾರೆ. ಮೇಜು ಗೊತ್ತು ಮಾಡಿಕೊಂಡರೆ ಎಲ್ಲ ರಾತ್ರಿಯೂ ಅದೇ ವೇಟರ್ ಬಡಿಸುತ್ತಾರೆ. ನಮ್ಮ ಮಂಗಳೂರು, ಉಡುಪಿ ಕಡೆಯ ಎಷ್ಟೋ ಹುಡುಗರು ಕ್ರೂಸ್ ಹಡಗುಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ನಾವು ಕನ್ನಡದಲ್ಲಿ ಮಾತಾಡುವುದು ಕೇಳಿ ಪಕ್ಕದ ಮೇಜಿನ ವೇಟರ್ ಹತ್ತಿರ ಬಂದು "ಯಾವ ಊರು ಅಮ್ಮ?" ಅಂದರು. ಅವರ ಊರು ಕುಂದಾಪುರ ಹತ್ತಿರ. ಆರೇಳು ತಿಂಗಳಿಂದ ಮನೆಗೆ ಹೋಗಿರಲಿಲ್ಲ. ಅಮ್ಮ ಬ್ಯಾಗಿನಲ್ಲಿದ್ದ ಚಟ್ನಿಪುಡಿ ಡಬ್ಬಿಯನ್ನು ಅವರ ಕೈಗೇ ಕೊಟ್ಟು ಬಂದರು.

ಅಂದ ಹಾಗೆ, ಮನೆಯಲ್ಲಿ ಮಾಡಿದ ಅಡುಗೆಯನ್ನು ಬಹಳ ಹಡಗುಗಳು ಒಳಗೆ ಬಿಡುವುದಿಲ್ಲ. ನಿಮ್ಮ ಹಡಗಿನ ನಿಯಮ ಮೊದಲೇ ಓದಿಕೊಳ್ಳಿ. ಬಫೆಗೆ ಹೋಗುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಸಾವಿರಾರು ಜನ ಒಂದೇ ಕಡೆ ಇರುವಾಗ ಹೊಟ್ಟೆಯ ಸೋಂಕು ಬೇಗ ಹರಡುತ್ತದೆ.

ಹಡಗು ಅಲ್ಲಾಡುತ್ತಾ? ವಾಂತಿ?

ದೊಡ್ಡ ಹಡಗುಗಳಿಗೆ ನೀರಿನ ಕೆಳಗೆ ಎರಡೂ ಬದಿಗೆ ಮೀನಿನ ರೆಕ್ಕೆಯಂಥ ಹಲಗೆಗಳು ಇರುತ್ತವೆ. ಹೊರಳುವುದನ್ನು ಅವು ತುಂಬಾ ಕಡಿಮೆ ಮಾಡುತ್ತವೆ. ಸಮುದ್ರ ಶಾಂತವಾಗಿದ್ದರೆ ಹಡಗು ಹೊರಟಿದ್ದೇ ಗೊತ್ತಾಗುವುದಿಲ್ಲ. ಆದರೂ ಬಸ್ಸಿನಲ್ಲಿ ವಾಂತಿ ಮಾಡುವ ಅಭ್ಯಾಸ ಇರುವವರು ಕೆಳಗಿನ ಡೆಕ್‌ನಲ್ಲಿ, ಹಡಗಿನ ಮಧ್ಯಭಾಗದ ಕ್ಯಾಬಿನ್ ತೆಗೆದುಕೊಳ್ಳಿ. ಮಕ್ಕಳ ಸೀಸಾ ಹಲಗೆ ಮೇಲೆ ಕೆಳಗೆ ಆಡುವಾಗ ನಡುವೆ ಕಡಿಮೆ, ತುದಿಗೆ ಜಾಸ್ತಿ ಅಲ್ವಾ, ಹಾಗೆಯೇ ಇದು. ಮಾತ್ರೆಯ ಬಗ್ಗೆ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನೇ ಕೇಳಿ. ತಲೆ ತಿರುಗಿದರೆ ಕ್ಯಾಬಿನ್‌ನಲ್ಲಿ ಮಲಗಬೇಡಿ. ಹೊರಗೆ ಬಂದು ದೂರದಲ್ಲಿ ಆಕಾಶ, ಸಮುದ್ರ ಸೇರುವ ಅಂಚನ್ನು ನೋಡುತ್ತಾ ನಿಲ್ಲಿ. ಅಮ್ಮನಿಗೆ ಮೊದಲ ರಾತ್ರಿ ಹೊಟ್ಟೆ ತೊಳಸಿತು. ಗಾಳಿಗೆ ಕೂರಿಸಿ ಶುಂಠಿ ಚಪ್ಪರಿಸಲು ಕೊಟ್ಟೆವು, ಅರ್ಧ ಗಂಟೆಯಲ್ಲಿ ಸರಿಯಾಯಿತು.

ಕ್ಯಾಬಿನ್ ಯಾವುದು ತಗೊಳ್ಳಲಿ?

ಮುಖ್ಯವಾಗಿ ಮೂರು ಬಗೆ: ಕಿಟಕಿ ಇಲ್ಲದ ಒಳಗಿನದು, ಕಿಟಕಿ ಇರುವುದು, ಬಾಲ್ಕನಿ ಇರುವುದು. ದುಡ್ಡಿದ್ದರೆ ಬಾಲ್ಕನಿಯೇ ತಗೊಳ್ಳಿ ಅಂತ ಎಷ್ಟೋ ಪುಸ್ತಕಗಳು ಹೇಳುತ್ತವೆ. ನಾನು ಹಾಗೆ ಹೇಳುವುದಿಲ್ಲ. ಎರಡು ಮೂರು ರಾತ್ರಿಯ ಪ್ರವಾಸಕ್ಕೆ ಒಳಗಿನದು ಸಾಕು, ಮಲಗೋಕೆ ಮಾತ್ರ ಹೋಗ್ತೀವಿ. ಕ್ವಾಂಟಮ್ ವರ್ಗದ ಹಡಗುಗಳ ಒಳಗಿನ ಕ್ಯಾಬಿನ್‌ಗಳಲ್ಲಿ ನೆಲದಿಂದ ಸೂರಿನವರೆಗೆ ಪರದೆ ಇದ್ದು, ಹೊರಗಿನ ಸಮುದ್ರವನ್ನು ಆ ಕ್ಷಣಕ್ಕೆ ಹೇಗಿದೆಯೋ ಹಾಗೇ ತೋರಿಸುತ್ತದೆ. ಆದರೆ ಮಂಡಿ ನೋವಿನ ಹಿರಿಯರು ಜೊತೆಗಿದ್ದರೆ, ದುಡ್ಡು ಹೊಂದಿಸಿ ಬಾಲ್ಕನಿಯೇ ತೆಗೆದುಕೊಳ್ಳಿ. ಲಿಫ್ಟು, ಮೆಟ್ಟಿಲು ಅಂತ ಓಡಾಡದೆ ಅಲ್ಲೇ ಕಾಫಿ ಹಿಡಿದು ಕೂರಬಹುದು.

ವಯಸ್ಸಾದವರಿಗೆ ಆಗುತ್ತಾ?

ಇದಕ್ಕಿಂತ ಸುಲಭದ ಪ್ರವಾಸ ಅವರಿಗೆ ಬೇರೆ ಇಲ್ಲ ಅಂತ ನನ್ನ ಗಟ್ಟಿ ನಂಬಿಕೆ. ದಿನಾ ಬಸ್ಸು ಹತ್ತಿ ಇಳಿಯುವುದಿಲ್ಲ, ದಿನಾ ಹೋಟೆಲ್ ಬದಲಿಸುವುದಿಲ್ಲ. ಲಿಫ್ಟ್ ಇದೆ, ಶೌಚಾಲಯ ಪಕ್ಕದಲ್ಲೇ ಇದೆ, ಡಾಕ್ಟರ್ ಇದ್ದಾರೆ. ಆದರೆ ಹಡಗಿನ ಆಸ್ಪತ್ರೆ ತುಂಬಾ ದುಬಾರಿ. ಟ್ರಾವೆಲ್ ಇನ್ಶೂರೆನ್ಸ್ ಇಲ್ಲದೆ ಹೊರಡಬೇಡಿ. ಗಾಲಿ ಕುರ್ಚಿ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿ.

ಮಕ್ಕಳು, ಗರ್ಭಿಣಿಯರು?

ಮಕ್ಕಳ ಕ್ಲಬ್‌ಗೆ ಸಾಮಾನ್ಯವಾಗಿ ಮೂರು ವರ್ಷದ ಮೇಲಿನ, ಡೈಪರ್ ಬಿಟ್ಟ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಡೈಪರ್ ಹಾಕಿದ ಮಗುವನ್ನು ದೊಡ್ಡ ಈಜುಕೊಳಕ್ಕೆ ಬಿಡುವುದಿಲ್ಲ. ರಾಯಲ್ ಕೆರಿಬಿಯನ್‌ನಲ್ಲಿ ಕೂಸಿಗೆ ಕನಿಷ್ಠ ಆರು ತಿಂಗಳಾಗಿರಬೇಕು. ಪ್ರವಾಸ ಮುಗಿಯುವುದರೊಳಗೆ 24ನೇ ವಾರಕ್ಕೆ ಕಾಲಿಡುವ ಗರ್ಭಿಣಿಯರನ್ನೂ ಅಲ್ಲಿ ಹತ್ತಲು ಬಿಡುವುದಿಲ್ಲ.

ಬಂದರಿನಲ್ಲಿ ಇಳಿದು ಊರು ನೋಡಬಹುದಾ?

ಖಂಡಿತ. ಕೊಚ್ಚಿಯಲ್ಲಿ ಇಳಿದರೆ ಫೋರ್ಟ್ ಕೊಚ್ಚಿಯ ಚೀನಿ ಬಲೆಗಳನ್ನು ನೋಡಿ ಬರಬಹುದು. ಗೋವಾದಲ್ಲಿ ಹಡಗು ನಿಲ್ಲುವುದು ಮೊರ್ಮುಗಾವ್‌ನಲ್ಲಿ, ಅಲ್ಲಿಂದ ಪಣಜಿ ಸುಮಾರು 30 ಕಿ.ಮೀ. ಪೆನಾಂಗ್ ನನಗೆ ತುಂಬಾ ಇಷ್ಟ. ಹಡಗು ನಿಲ್ಲುವುದೇ ಜಾರ್ಜ್ ಟೌನ್ ಪಕ್ಕ, ನಡೆದುಕೊಂಡೇ ಊರಿನೊಳಗೆ ಹೋಗಬಹುದು. 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು ಅದು. ಮಾರಿಯಮ್ಮನ ಗುಡಿ, ಚೀನಿಯರ ಗುಡಿ, ಮಸೀದಿ, ಚರ್ಚ್ ಎಲ್ಲ ಕೂಗಳತೆಯಲ್ಲಿವೆ.

ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ಹೋಗಲಾಗದು. ದೂರದಲ್ಲೇ ನಿಂತು, ಸಣ್ಣ ದೋಣಿಗಳಲ್ಲಿ ಕರೆದುಕೊಂಡು ಹೋಗುತ್ತಾರೆ. ಅಲೆ ಜೋರಿದ್ದರೆ ಇಳಿಯುವುದು ರದ್ದಾಗಬಹುದು. ಆ ತಿಳಿನೀಲಿ ನೀರನ್ನು ನೋಡಿಯೇ ನಂಬಬೇಕು. ಒಂದು ಚೂರು ಹವಳವನ್ನೂ ಎತ್ತಿಕೊಂಡು ಬರಬೇಡಿ, ದಯವಿಟ್ಟು. ಅದು ಅಪರಾಧ ಕೂಡ.

ವಾಪಸ್ ಹತ್ತಲು ಹಡಗಿನ ಬೋರ್ಡಿನಲ್ಲಿ ಬರೆದ ಟೈಮಿಗೆ ಅರ್ಧ ಗಂಟೆ ಮುಂಚೆಯೇ ಹಡಗಿನ ಹತ್ತಿರ ಇರಿ. ಸ್ವಂತ ಟ್ಯಾಕ್ಸಿ ಮಾಡಿಕೊಂಡು ಹೋದವರಿಗಾಗಿ ಹಡಗು ಕಾಯುವುದಿಲ್ಲ. ಊರಿನ ಗಡಿಯಾರ, ಹಡಗಿನ ಗಡಿಯಾರ ಬೇರೆ ಬೇರೆ ಇರಬಹುದು. ನೋಡಬೇಕಾದ್ದು ಹಡಗಿನದು.

ಟಿಕೆಟ್ ಬಿಟ್ಟು ಇನ್ನೇನು ಖರ್ಚಿದೆ?

ಹತ್ತುವಾಗ ಒಂದು ಕಾರ್ಡ್ ಕೊಡುತ್ತಾರೆ. ಕ್ಯಾಬಿನ್ ಬಾಗಿಲಿನ ಬೀಗವೂ ಅದೇ, ಪರ್ಸೂ ಅದೇ. ನೋಟು ಎಣಿಸಿ ಕೊಡುವ ಕೆಲಸ ಇಲ್ಲದ್ದರಿಂದ ಖರ್ಚಾದದ್ದೇ ತಿಳಿಯುವುದಿಲ್ಲ. ಮದ್ಯ, ಬಾಟಲಿ ಜ್ಯೂಸು, ಸ್ಪಾ, ಕ್ಯಾಸಿನೊ, ಹಡಗಿನವರೇ ನಡೆಸುವ ಊರು ಸುತ್ತಾಟ, ಫೋಟೋ, ಇಂಟರ್ನೆಟ್ ಇವೆಲ್ಲ ಟಿಕೆಟ್‌ನಲ್ಲಿ ಸೇರಿಲ್ಲ. ವಿದೇಶಿ ಹಡಗುಗಳಲ್ಲಿ ತಲೆಗೆ ಇಷ್ಟು ಅಂತ ದಿನದ ಟಿಪ್ಸ್ ತಾನಾಗಿಯೇ ಸೇರುತ್ತದೆ. ಪ್ರತಿ ರಾತ್ರಿ ಮಲಗುವ ಮುಂಚೆ ಆ್ಯಪ್‌ನಲ್ಲೋ ಟಿವಿಯಲ್ಲೋ ಲೆಕ್ಕ ನೋಡಿ. ಕ್ಯಾಸಿನೊ ಬಗ್ಗೆ ನನ್ನ ಮಾತು ಒಂದೇ: ಒಳಗೆ ಹೋಗಬೇಡಿ.

ಫೋನ್, ಇಂಟರ್ನೆಟ್?

ಹಡಗು ದಡ ಬಿಟ್ಟ ತಕ್ಷಣ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಬೇಕಿದ್ದರೆ ವೈಫೈ ಮಾತ್ರ ಆನ್ ಮಾಡಿ. ನಡುಸಮುದ್ರದ ರೋಮಿಂಗ್ ಬಿಲ್ ಎದೆ ನಡುಗಿಸುವಂಥದ್ದು. ವೈಫೈ ಉಪಗ್ರಹದ್ದು, ಅದಕ್ಕೂ ದುಡ್ಡು ಕೊಡಬೇಕು. ಎರಡು ದಿನ ಇಂಟರ್ನೆಟ್ ಇಲ್ಲದೆ ಇದ್ದು ನೋಡಿ. ನಮ್ಮ ಮನೆಯಲ್ಲಿ ವರ್ಷಗಳ ನಂತರ ಎಲ್ಲರೂ ಸೇರಿ ಚೌಕಾಬಾರ ಆಡಿದ್ದು ಹಡಗಿನಲ್ಲೇ.

ಯಾವ ತಿಂಗಳು ಹೋಗೋದು? ಬಟ್ಟೆ ಏನು?

ಅರಬ್ಬಿ ಸಮುದ್ರಕ್ಕೆ ನವೆಂಬರ್‌ನಿಂದ ಮಾರ್ಚ್. ಜೂನ್‌ನಿಂದ ಸೆಪ್ಟೆಂಬರ್ ಬೇಡ, ಕಡಲು ಕೆರಳಿರುತ್ತದೆ. ಬಟ್ಟೆ ಸಾದಾ ಇದ್ದರೆ ಸಾಕು. ಒಂದು ರಾತ್ರಿ ಎಲ್ಲರೂ ಚೆನ್ನಾಗಿ ಉಡುತ್ತಾರೆ, ಅವತ್ತಿಗೆ ಒಂದು ರೇಷ್ಮೆ ಸೀರೆ ಇರಲಿ. ಒಳಗಡೆ ಎ.ಸಿ. ಜೋರು, ಸ್ವೆಟರ್ ಬೇಕೇ ಬೇಕು. ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್ ತರಬೇಡಿ. ಬೆಂಕಿಯ ಭಯಕ್ಕೆ ಹತ್ತುವಾಗಲೇ ಇಟ್ಟುಕೊಳ್ಳುತ್ತಾರೆ.

ಇಷ್ಟು ಜನಕ್ಕೆ ನೀರು ಎಲ್ಲಿಂದ ತರ್ತಾರೆ?

ನನ್ನ ಮಗಳು ಕೇಳಿದ್ದು ಇದು. ಬಹುಪಾಲು ಸಮುದ್ರದಿಂದಲೇ. ಉಪ್ಪುನೀರನ್ನು ಕಾಯಿಸಿ ಆವಿ ಮಾಡಿ, ಅಥವಾ ಒತ್ತಡದಲ್ಲಿ ಸೋಸಿ ಸಿಹಿನೀರು ಮಾಡುತ್ತಾರೆ.

ಭಯ ಆಗುತ್ತೆ. ಸುರಕ್ಷಿತವಾ?

ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಎಲ್ಲರಿಗೂ ಸುರಕ್ಷತಾ ತರಬೇತಿ ಕೊಡಲೇಬೇಕು. ಮೊದಲು 24 ಗಂಟೆಯೊಳಗೆ ಕೊಟ್ಟರೆ ಸಾಕಿತ್ತು. 2012ರಲ್ಲಿ ಇಟಲಿಯ ತೀರದಲ್ಲಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ಬಡಿದು 32 ಜನ ತೀರಿಹೋದರು. ಆಗ ಆ ದಿನವೇ ಹತ್ತಿದ್ದ ಎಷ್ಟೋ ಜನರಿಗೆ ತರಬೇತಿ ಆಗಿರಲಿಲ್ಲ. ಅದಾದ ಮೇಲೆ ನಿಯಮ ಬದಲಾಯಿತು. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಹಾರ್ನ್ ಕೇಳಿದರೆ ಎಲ್ಲಿ ಸೇರಬೇಕು ಅಂತ ಮಕ್ಕಳಿಗೂ ಬಾಯಿಪಾಠ ಮಾಡಿಸಿ. ಆ ಹೊತ್ತಿನಲ್ಲಿ ಸೆಲ್ಫಿ ತೆಗೆಯುತ್ತಾ ನಿಲ್ಲಬೇಡಿ.

ಕಾಗದ ಪತ್ರ?

ದೇಶದೊಳಗಿನ ಪ್ರವಾಸಕ್ಕೆ ಆಧಾರ್‌ನಂಥ ಸರ್ಕಾರಿ ಗುರುತಿನ ಚೀಟಿ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಬುಕ್ ಮಾಡುವಾಗಲೇ ಅದರ ಬಗ್ಗೆ ಕೇಳಿ. ಸಿಂಗಪುರಕ್ಕೆ ಪಾಸ್‌ಪೋರ್ಟ್, ವೀಸಾ. ಹಡಗು ಮಲೇಷ್ಯಾಕ್ಕೋ ಥಾಯ್ಲೆಂಡ್‌ಗೋ ಹೋಗಿ ವಾಪಸ್ ಬಂದಾಗ ನೀವು ಎರಡನೇ ಸಲ ಸಿಂಗಪುರದೊಳಗೆ ಬಂದ ಹಾಗೆ. ವೀಸಾ ಒಂದಕ್ಕಿಂತ ಜಾಸ್ತಿ ಸಲ ಒಳಗೆ ಬರಲು ಬಿಡುತ್ತದೆಯೇ ಅಂತ ನೋಡಿಕೊಳ್ಳಿ.

ಕೊನೆಯ ದಿನ ಇಳಿಯೋದು ಹೇಗೆ?

ಹಿಂದಿನ ರಾತ್ರಿಯೇ ಸೂಟ್‌ಕೇಸ್‌ಗೆ ಚೀಟಿ ಕಟ್ಟಿ ಕ್ಯಾಬಿನ್ ಬಾಗಿಲ ಹೊರಗೆ ಇಡಬೇಕು. ಅದು ಮತ್ತೆ ಸಿಗುವುದು ಬೆಳಿಗ್ಗೆ, ಬಂದರಿನ ಕಟ್ಟಡದಲ್ಲಿ. ಮರುದಿನ ಹಾಕುವ ಬಟ್ಟೆ, ಪಾಸ್‌ಪೋರ್ಟ್, ಮಾತ್ರೆ, ಚಾರ್ಜರ್ ಕೈಚೀಲದಲ್ಲಿ ಇಟ್ಟುಕೊಳ್ಳಿ. ನಾವು ಅಮ್ಮನ ಬಿ.ಪಿ. ಮಾತ್ರೆಯನ್ನು ಸೂಟ್‌ಕೇಸಿನಲ್ಲೇ ಹಾಕಿಬಿಟ್ಟಿದ್ದೆವು. ಬೆಳಿಗ್ಗೆ ಅದು ಕೈಗೆ ಸಿಗುವ ಹೊತ್ತಿಗೆ ಒಂಬತ್ತೂವರೆ. ಭಾರ ಹೊರಬಲ್ಲವರು ಸಾಮಾನನ್ನು ತಾವೇ ಎತ್ತಿಕೊಂಡು ಬೇಗ ಇಳಿಯಬಹುದು. ಏನೇ ಆದರೂ ಅವತ್ತು ಮಧ್ಯಾಹ್ನ ಒಂದು ಗಂಟೆಗೆ ಮುಂಚಿನ ವಿಮಾನ ಬುಕ್ ಮಾಡಬೇಡಿ.